ಟ್ರೇಗೆ ಕಟ್ಟಿದ ಪೆನ್ನು

ಕೋಲಾರದ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕಕ್ಕೆ ಬಂದ ಇಂಜೆಕ್ಷನ್ ಟ್ರೇಗೆ ಒಂದು ಪೆನ್ನು ಕಟ್ಟಿತ್ತು. ನೀಲಿ ಮುಚ್ಚಳದ, ಎಲ್ಲ ಅಂಗಡಿಯಲ್ಲೂ ಸಿಗುವ ಪೆನ್ನು. ಗಾಯಕ್ಕೆ ಸುತ್ತುವ ತೆಳು ಬಟ್ಟೆಯನ್ನು ಉದ್ದಕ್ಕೆ ಹರಿದು, ಹುರಿ ಮಾಡಿ, ಒಂದು ತುದಿಯನ್ನು ಪೆನ್ನಿಗೂ ಇನ್ನೊಂದನ್ನು ಟ್ರೇಯ ಹಿಡಿಗೂ ಬಿಗಿದಿದ್ದರು. ಆ ಹುರಿ ಒಂದು ಗೇಣಿಗಿಂತ ಸ್ವಲ್ಪ ಉದ್ದವಿತ್ತು, ಅಷ್ಟೇ.

ನರ್ಸ್ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಅಮ್ಮನ ಹೊಟ್ಟೆಗೆ ಇನ್ಸುಲಿನ್ ಕೊಟ್ಟಳು. ಆಮೇಲೆ ಅಲ್ಲೇ ಬಗ್ಗಿ, ಗಡಿಯಾರ ನೋಡಿ, ಚಾರ್ಟಿನಲ್ಲಿ ಸಹಿ ಮಾಡಿದಳು. ಅಮ್ಮ ಸುಮ್ಮನಿರಲಿಲ್ಲ.

"ಪೆನ್ನು ಯಾಕಮ್ಮಾ ಕಟ್ಟಾಕಿದ್ದೀರ? ಪೇಷಂಟ್‌ಗಳು ಎತ್ಕೊಂಡೋಗ್ತಾರೆ ಅಂತಾನಾ?"

ಹುಡುಗಿ ನಕ್ಕಳು. "ಅಲ್ಲ ಅಜ್ಜಿ. ಪೆನ್ನು ಮಂಚದ ಹತ್ರ ಬಂದ್ಮೇಲೇನೇ ಬರೀಬೇಕು. ಡೆಸ್ಕಲ್ಲಿ ಕೂತ್ಕೊಂಡು ಸೈನ್ ಹಾಕೋ ಹಂಗಿಲ್ಲ. ನಮ್ ದೊಡ್ಡ ಸಿಸ್ಟರ್ ಮಾಡಿರೋ ರೂಲು."

ಈ ಪೆನ್ನನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಆದರೆ ಹೀಗೊಂದು ಪೆನ್ನು ಕಟ್ಟುತ್ತೇನೆಂದು ಒಬ್ಬರು ನನ್ನ ಮುಂದೆ ಹೇಳಿದ್ದರು.

"ಬೈರಕೂರು ಕಡೆಯವರಾ ನಿಮ್ಮ ದೊಡ್ಡ ಸಿಸ್ಟರ್?" ಎಂದೆ.

"ಹೂಂ ಮೇಡಂ! ಗೊತ್ತಾ ನಿಮಗೆ?" ಎಂದವಳ ಮುಖ ಅರಳಿ, ಹಾಗೇ ಇಳಿಯಿತು. "ಅವ್ರಿಲ್ಲ ಮೇಡಂ ಈಗ."

"ಇಲ್ಲ ಅಂದ್ರೆ? ಬೇರೆ ಕಡೆ ಹೋದ್ರಾ?"

"ಇಲ್ಲ ಮೇಡಂ... ತೀರ್ಕೊಂಡ್ರು. ಹೋದ ದೀಪಾವಳಿ ಆದ್ಮೇಲೆ. ಡ್ಯೂಟಿ ಮುಗ್ಸಿ ಮನೆಗೆ ಹೋದ್ರು, ಎದೆ ನೋವು ಅಂದ್ರಂತೆ. ಅಷ್ಟೇ."

ಹುಡುಗಿ ಟ್ರೇ ಎತ್ತಿಕೊಂಡು ಮುಂದಿನ ಮಂಚಕ್ಕೆ ಹೋದಳು. ಪೆನ್ನು ಅವಳ ಜೊತೆ ತೂಗಾಡುತ್ತಾ ಹೋಯಿತು. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. ನಾನು ಮಾಲೂರಿನಲ್ಲಿ ಕಾಲೇಜು ಲೆಕ್ಚರರ್ ಆಗಿ ಎಂಟು ವರ್ಷವಾಯಿತು. ಅಮ್ಮನನ್ನು ನೋಡಲು ಶ್ರೀನಿವಾಸಪುರಕ್ಕೆ ಹೋಗುವಾಗಲೆಲ್ಲ ಕೋಲಾರದಲ್ಲೇ ಬಸ್ಸು ಬದಲಿಸುತ್ತೇನೆ. ಬಸ್ ನಿಲ್ದಾಣದಿಂದ ಈ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷ. ಅವರು ಇಲ್ಲಿದ್ದರು. ಇಷ್ಟೂ ವರ್ಷ ಇಲ್ಲೇ ಇದ್ದರು...

ನಾವು ಅವರನ್ನು ಸಿಸ್ಟರಕ್ಕ ಎನ್ನುತ್ತಿದ್ದೆವು. ಬೀದಿಯಲ್ಲಿ ಎಲ್ಲರೂ ಹಾಗೇ. ಶ್ರೀನಿವಾಸಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನಲ್ಲಿ ಸೊಂಟದೆತ್ತರದ ಕಾಂಪೌಂಡು. ಹುಟ್ಟೂರು ಬೈರಕೂರು, ಇಲ್ಲಿ ಅವರು ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿ ಕೇಳಿ ಬೀದಿಗೇ ಸುಸ್ತಾಗಿತ್ತು. ಬೆಳಿಗ್ಗೆ ಮುಳಬಾಗಿಲಿನ ಬಸ್ಸು ಹತ್ತಿ ಅಲ್ಲಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಡ್ಯೂಟಿಗೆ ಹೋಗುವರು, ಸಂಜೆ ಐದೂಮುಕ್ಕಾಲರ ಬಸ್ಸಿಗೆ ವಾಪಸು. ಅದು ತಪ್ಪಿದರೆ ಮುಂದಿನದು ಏಳೂವರೆಗೆ. ಮನೆಗೆ ಬಂದ ಮೇಲೂ ಅವರಿಗೆ ಬಿಡುವಿರಲಿಲ್ಲ. ಡಾಕ್ಟರ ಚೀಟಿ ಹಿಡಿದು ಯಾರಾದರೂ ಬಂದು ನಿಂತಿರುತ್ತಿದ್ದರು. ಸ್ಪಿರಿಟ್ಟಿನ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅವರ ಕೈಯಲ್ಲಿ ಸೂಜಿ ಹೋದದ್ದೇ ಗೊತ್ತಾಗುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು.

ಈಗ ಬರೆಯುವುದನ್ನು ಅವರೇ ಹಿತ್ತಲ ಕಾಂಪೌಂಡಿನ ಮೇಲೆ ಕೈಯೂರಿ ನಿಂತು ಅಮ್ಮನಿಗೂ ನನಗೂ ಹೇಳಿದ್ದರು. ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಆದರೆ ಇದನ್ನು ಮೂರು ಸಲ ಅವರ ಬಾಯಿಂದಲೇ ಕೇಳಿದ್ದೇನೆ, ಮೂರು ಸಲವೂ ಒಂದು ಪದ ಬದಲಾಗಲಿಲ್ಲ.

ಆ ನರ್ಸಿಂಗ್ ಹೋಮಿನಲ್ಲಿ ಒಂದು ಪದ್ಧತಿಯಿತ್ತು. ಆರು ಗಂಟೆಯ ಇಂಜೆಕ್ಷನ್‌ಗಳನ್ನು ಹಗಲು ಡ್ಯೂಟಿಯವರು ಕೊಟ್ಟು, ಚಾರ್ಟಿನಲ್ಲಿ ಬರೆದು ಹೋಗಬೇಕು. ಆದರೆ ಆರಕ್ಕೆ ಕೊಟ್ಟರೆ ಐದೂಮುಕ್ಕಾಲರ ಬಸ್ಸು ಸಿಗುವುದಿಲ್ಲ. ಅದಕ್ಕೆ ಎಲ್ಲರೂ ಐದೂವರೆಗೇ ಆರು ಗಂಟೆಯ ಕಾಲಮ್ಮಿನಲ್ಲಿ ಸಹಿ ಹಾಕಿ ಹೊರಡುತ್ತಿದ್ದರು. ರಾತ್ರಿ ಪಾಳಿಗೆ ಬಂದವರು ಆ ಸಹಿ ನೋಡಿ, ಇದಿನ್ನೂ ಕೊಟ್ಟಿಲ್ಲ ಎಂದು ತಿಳಿದು, ತಾವು ಕೊಡುತ್ತಿದ್ದರು. ಅದಕ್ಕೆ ಅವರವರಲ್ಲೇ 'ಬಸ್ ಸೈನು' ಎಂಬ ಹೆಸರಿತ್ತಂತೆ. ವರ್ಷಗಟ್ಟಲೆ ಹೀಗೇ ನಡೆದಿತ್ತು. ಏನೂ ಆಗಿರಲಿಲ್ಲ.

ಆ ದಿನವೂ ಸಿಸ್ಟರಕ್ಕ ಸಹಿ ಹಾಕಿ ನಿಲ್ದಾಣಕ್ಕೆ ಹೋದರು. ಬಸ್ಸು ಕೆಟ್ಟು ನಿಂತಿತ್ತು. ಏಳೂವರೆವರೆಗೆ ಅಲ್ಲಿ ನಿಂತು ಮಾಡುವುದೇನು ಎಂದು ವಾಪಸು ಬಂದರು. ಸಕ್ಕರೆ ಕಾಯಿಲೆಯ ಒಬ್ಬ ಮುದುಕರಿಗೆ ಆರಕ್ಕೆ ಇನ್ಸುಲಿನ್ ಇತ್ತು. ಊಟ ಬಂದಿತ್ತು, ರಾತ್ರಿ ಪಾಳಿಯವಳು ಇನ್ನೂ ಬಂದಿರಲಿಲ್ಲ. ಇವರೇ ಕೊಟ್ಟರು. ಕೊಟ್ಟ ಮೇಲೆ ಚಾರ್ಟು ಕೈಗೆತ್ತಿಕೊಂಡರೆ, ಅವರ ಸಹಿ ಆಗಲೇ ಅಲ್ಲಿತ್ತು. ಬರೆಯಲು ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಶ್ರೀನಿವಾಸಪುರದ ಕಡೆ ಒಂದು ಟೆಂಪೊ ಹೊರಟಿದೆ ಎಂದು ಯಾರೋ ಕೂಗಿದರು. ಇವರು ಓಡಿದರು.

ರಾತ್ರಿ ಪಾಳಿಯವಳು ಬಂದು ಸಹಿ ನೋಡಿದಳು. ಬಸ್ ಸೈನು ಎಂದುಕೊಂಡಳು. ಇನ್ನೊಂದು ಸಲ ಕೊಟ್ಟಳು. ಮುದುಕರು ಊಟ ಸೇರದೆ ಅರ್ಧಕ್ಕೇ ಬಿಟ್ಟು ಮಲಗಿದ್ದರು. ರಾತ್ರಿ ಸಕ್ಕರೆ ಪೂರಾ ಇಳಿದುಹೋಗಿತ್ತು, ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು.

ಇದನ್ನು ಕೇಳುತ್ತಾ ಕಾಂಪೌಂಡಿನ ಈಚೆ ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು. ಸೆರಗು ಸರಿಸಿ ಹೇಳಿದರು. "ಎಲ್ರೂ ಹಂಗೇ ಮಾಡ್ತಿದ್ರಲ್ಲೇ? ನಿನ್ನೊಬ್ಳದೇ ಏನು ತಪ್ಪು?"

"ಎಲ್ರೂ ಮಾಡ್ತಿದ್ರಕ್ಕಾ. ಸೈನು ನಂದು."

ವಿಚಾರಣೆಯಲ್ಲಿ ನರ್ಸಿಂಗ್ ಹೋಮಿನವರು ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲ ಎಂದರು. ಸಿಸ್ಟರಕ್ಕ ಇದೆ ಎಂದರು, ತಾನೂ ಮಾಡುತ್ತಿದ್ದೆ ಎಂದರು. ನರ್ಸಿಂಗ್ ಕೌನ್ಸಿಲಿನ ಪಟ್ಟಿಯಿಂದ ಅವರ ಹೆಸರು ತೆಗೆದರು. ಎರಡು ವರ್ಷ ನರ್ಸಾಗಿ ಎಲ್ಲೂ ಕೆಲಸ ಮಾಡುವಂತಿಲ್ಲ, ಆಮೇಲೆ ಬೇಕಾದರೆ ಅರ್ಜಿ ಹಾಕಬಹುದು. ನಮ್ಮ ಬೀದಿಯ ಭಾಷೆಯಲ್ಲಿ, ಸಿಸ್ಟರಕ್ಕನ ಲೈಸೆನ್ಸು ಹೋಯಿತು.

ಹದಿನೇಳು ವರ್ಷ ಬಿಳಿ ಕೋಟು ಹಾಕಿದವರು ಆ ಬೇಸಿಗೆ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ಹೆಂಗಸರ ಸಾಲಿನಲ್ಲಿ ಕೂತರು. ಕಾಲೇಜಿಗೆ ಹೋಗುವ ದಾರಿಯಲ್ಲಿ ಅವರನ್ನು ಮೊದಲ ಸಲ ಅಲ್ಲಿ ಕಂಡಾಗ ನಾನು ಗುರುತೇ ಹಿಡಿಯಲಿಲ್ಲ. ತಲೆಗೆ ಟವೆಲ್ ಕಟ್ಟಿದ್ದರು. ಒಂದೊಂದು ಕಾಯನ್ನೂ ತಿರುಗಿಸಿ, ತೊಟ್ಟು ನೋಡಿ, ಒತ್ತಿ ನೋಡಿ ಕ್ರೇಟಿಗೆ ಇಡುತ್ತಿದ್ದರು. ಪಕ್ಕದವಳು ರೇಗಿಸಿದಳು, "ಏನ್ ಸಿಸ್ಟ್ರೇ, ಕಾಯಿಗೂ ಟೆಂಪರೇಚರ್ ನೋಡ್ತಾ ಇದ್ದೀರಾ?" ಸಾಲಿಗೆ ಸಾಲೇ ನಕ್ಕಿತು. ಇವರೂ ನಕ್ಕರು. "ನಾರ್ಮಲ್ ಇದೆ, ಡಿಸ್ಚಾರ್ಜ್ ಮಾಡಿ," ಎಂದು ಆ ಕಾಯನ್ನು ಕ್ರೇಟಿಗೆ ಹಾಕಿದರು.

ಸೀಸನ್ ಮುಗಿದ ಮೇಲೆ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುವ, ನೆಲ ಒರೆಸುವ ಕೆಲಸ ಸಿಕ್ಕಿತು. ಆಗ ಬೀದಿಯವರು ಮತ್ತೆ ಚೀಟಿ ಹಿಡಿದು ಅವರ ಬಾಗಿಲಿಗೆ ಬರತೊಡಗಿದರು. ಇವರು ಒಬ್ಬರಿಗೂ ಸೂಜಿ ಹಾಕಲಿಲ್ಲ. ನನ್ನ ಅಮ್ಮನಿಗೂ. ಅಮ್ಮನಿಗೆ ಆಗ ನರಗಳ ನಿಶ್ಶಕ್ತಿಗೆ ವಾರಕ್ಕೊಂದು ಇಂಜೆಕ್ಷನ್ ಬರೆದಿದ್ದರು.

"ನಾವೇನು ಯಾರಿಗಾದ್ರೂ ಹೇಳ್ತೀವೇನೇ?" ಎಂದರು ಅಮ್ಮ.

"ಹೇಳಲ್ಲ ಅಂತ ಗೊತ್ತಕ್ಕಾ. ನಂಗೆ ಹಕ್ಕಿಲ್ಲ."

"ಹಕ್ಕು ಅಂತೆ. ಕೈ ಮರ್ತೋಗಿದ್ಯಾ ನಿಂಗೆ?"

ಅವರು ಕೊಡೆ ತೆಗೆದುಕೊಂಡರು. ಅಮ್ಮನನ್ನು ಕೈಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಬೇರೆಯವರಿಂದ ಹಾಕಿಸಿ ಕರೆತಂದರು. ಪ್ರತಿ ವಾರ. ಅಮ್ಮ ದಾರಿಯುದ್ದಕ್ಕೂ ಗೊಣಗುತ್ತಿದ್ದರು, ಇವರು ಕೊಡೆ ಹಿಡಿದು ನಡೆಯುತ್ತಿದ್ದರು. ಇದು ಹಟವೋ, ಭಯವೋ, ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆಯೋ ನನಗೆ ಆಗ ತಿಳಿಯಲಿಲ್ಲ. ಈಗ ತಿಳಿದಿದೆ ಎನ್ನುವ ಧೈರ್ಯವೂ ಇಲ್ಲ.

ಒಂದು ಸಂಜೆ ಅದೇ ಕಾಂಪೌಂಡಿನ ಹತ್ತಿರ ಅವರು ಹೇಳಿದ್ದರು. "ಮತ್ತೆ ಕೆಲಸ ಸಿಕ್ರೆ ನೋಡೇ, ಪೆನ್ನನ್ನ ಟ್ರೇಗೇ ಕಟ್ಟಾಕ್ತೀನಿ. ಕರು ಗೂಟಕ್ಕೆ ಕಟ್ಟಿದಂಗೆ. ಸೂಜಿ ಎಲ್ಲಿಗೆ ಹೋಗುತ್ತೋ ಪೆನ್ನೂ ಅಲ್ಲಿಗೇ." ನಾನು ನಕ್ಕಿದ್ದೆ.

ಎರಡು ವರ್ಷ ಮುಗಿಯಿತು. ಅರ್ಜಿ ಬರೆಯಬೇಕಾಯಿತು. ನಾನು ಆಗ ಎಂ.ಎ. ಕೊನೆಯ ವರ್ಷ, ಬೀದಿಯಲ್ಲಿ ಓದಿದವಳು ಎಂದು ಹೆಸರಿದ್ದವಳು. ನನ್ನನ್ನೇ ಕೇಳಿದರು. ಚಾಪೆಯ ಮೇಲೆ ಕೂತು, ಬೆರಳು ಮಡಿಸುತ್ತಾ, ಏನು ಬರೆಯಬೇಕೆಂದು ಹೇಳಿದರು. ದಿನಾ ಸಂಜೆ ಮುಂಚಿತವಾಗಿ ಸಹಿ ಹಾಕುತ್ತಿದ್ದೆ. ಆ ದಿನ ಕೊಟ್ಟೆ, ಕೊಟ್ಟಿದ್ದೇನೆಂದು ಯಾರಿಗೂ ಹೇಳದೆ ಹೋದೆ. ನನ್ನಿಂದ ಒಂದು ಜೀವ ಹೋಯಿತು. ಇನ್ನು ಹಾಗೆ ಮಾಡುವುದಿಲ್ಲ.

"ಇಷ್ಟೇ ಬರಿ. ಜಾಸ್ತಿ ಅಲಂಕಾರ ಬ್ಯಾಡ," ಎಂದರು.

ನಾನು ಅಷ್ಟೇ ಬರೆಯಲಿಲ್ಲ.

ಹೀಗೆ ಬರೆದರೆ ಯಾರು ತಾನೇ ಕೆಲಸ ವಾಪಸು ಕೊಡುತ್ತಾರೆ ಎಂದು ನನಗನ್ನಿಸಿತು. ಇಷ್ಟು ಒಳ್ಳೆಯವರು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಳ್ಳುತ್ತಿದ್ದಾರೆ, ನಾನು ಬಿಡಿಸಬೇಕು. ಮುಂಚಿತವಾಗಿ ಸಹಿ ಮಾಡುವ ಅಭ್ಯಾಸ ತಮಗೆ ಇರಲಿಲ್ಲವೆಂದು, ಆ ದಿನ ಚುಚ್ಚುಮದ್ದು ಕೊಟ್ಟ ನಂತರವೇ ಸಹಿ ಮಾಡಿದರೆಂದು, ಚಾರ್ಟನ್ನು ಕಡೆಗಣಿಸಿದ್ದು ಆಮೇಲೆ ಬಂದವರೆಂದು ಬರೆದೆ. ಮೊದಲ ವಿಚಾರಣೆಯಲ್ಲಿ ಹೇಳಿದ್ದು ಮಾನಸಿಕ ಆಘಾತದಲ್ಲಿ ಹೇಳಿದ್ದು ಎಂದೂ ಸೇರಿಸಿದೆ. ಎಲ್ಲವೂ ಪತ್ರ ವ್ಯವಹಾರದ ಚೊಕ್ಕ ಭಾಷೆಯಲ್ಲಿ. ಆ ವಾರದ ನನ್ನ ಡೈರಿಯಲ್ಲಿ ಒಂದೇ ಸಾಲಿದೆ. 'ಸಿಸ್ಟರಕ್ಕನ ಅರ್ಜಿ ಮುಗಿಯಿತು. ಚೆನ್ನಾಗಿ ಬಂದಿದೆ.' ಇದನ್ನು ಬರೆದ ಕೈ ನನ್ನದೇ ಎಂದು ನಂಬಲು ಈಗಲೂ ಕಷ್ಟವಾಗುತ್ತದೆ.

ಅರ್ಜಿಯ ಶುದ್ಧ ಪ್ರತಿ ಸಿದ್ಧವಾದದ್ದು ಅವರು ಹೊರಡುವ ಬೆಳಿಗ್ಗೆಯೇ. ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಕೊಟ್ಟೆ. ಕೋಲಾರದ ಬಸ್ಸು ಹೊರಟು ನಿಂತಿತ್ತು, ಅಲ್ಲಿಂದ ಅವರು ಬೆಂಗಳೂರಿಗೆ ಹೋಗಬೇಕು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಕೋಲಾರ ಕೋಲಾರ, ಅಮ್ಮಾ ಹತ್ತೋದಾದ್ರೆ ಹತ್ತಿ!" ಎಂದು ಕೂಗುತ್ತಿದ್ದ. ಸಿಸ್ಟರಕ್ಕ ಕೈಚೀಲವನ್ನು ಮೊಣಕಾಲ ಮೇಲಿಟ್ಟು, ಅದರ ಮೇಲೆ ಕಾಗದ ಇಟ್ಟು, ಕೊನೆಯ ಪುಟದ ಕೆಳಗೆ ಸಹಿ ಮಾಡಿದರು.

ಸಹಿಗೆ ಮುಂಚೆ 'ಓದಿ ಹೇಳಲಾ ಅಕ್ಕಾ' ಎಂದು ನಾನು ಕೇಳಿದ ಹಾಗೆ ನನಗೆ ನೆನಪಿದೆ. ಅವರು 'ನೀನು ಬರ್ದಿದ್ದೀಯಲ್ಲ, ಬಿಡು' ಎಂದ ಹಾಗೂ ನೆನಪಿದೆ. ಆದರೆ ಈ ನೆನಪು ಯಾವಾಗ ಹುಟ್ಟಿತು? ಅದೇ ದಿನವೇ, ಇಲ್ಲ ಆಮೇಲೆ ನನಗೆ ಬೇಕಾದಾಗಲೇ? ಡೈರಿಯಲ್ಲಿ ಈ ಮಾತು ಇಲ್ಲ.

ಕೌನ್ಸಿಲಿನಲ್ಲಿ ಮೇಜಿನ ಆಚೆ ಮೂವರು ಕೂತಿದ್ದರಂತೆ. ಒಬ್ಬರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಸಿಸ್ಟರಕ್ಕನಿಗೆ ಮೊದಲು ಇದು ಬೇರೆ ಯಾರದೋ ಅರ್ಜಿ, ಹೆಸರು ತಪ್ಪಿ ಓದುತ್ತಿದ್ದಾರೆ ಅನ್ನಿಸಿತಂತೆ. ಆಮೇಲೆ ತಮ್ಮ ಊರು, ತಮ್ಮ ತಂದೆಯ ಹೆಸರು ಕೇಳಿಸಿತು. ಕುರ್ಚಿಯ ಬೆನ್ನು ಹಿಡಿದುಕೊಂಡರಂತೆ.

"ಇದು ನಾನು ಹೇಳಿದ್ದಲ್ಲ ಸಾರ್," ಎಂದರು.

"ಸಹಿ ನಿಮ್ಮದಾ?"

"ನಂದೇ."

"ಓದದೆ ಸಹಿ ಮಾಡಿದ್ರಾ?"

ಅಲ್ಲಿಗೆ ಎಲ್ಲ ಮುಗಿಯಿತು. ಯಾವ ತಪ್ಪಿಗೆ ಹೆಸರು ತೆಗೆದಿದ್ದರೋ ಅದನ್ನೇ ಅವರು ಆ ಮೂವರ ಕಣ್ಣೆದುರು ಮತ್ತೊಮ್ಮೆ ಮಾಡಿ ತೋರಿಸಿದ ಹಾಗಾಯಿತು. ಇನ್ನೊಂದು ವರ್ಷ ಬಿಟ್ಟು ಬನ್ನಿ ಎಂದರು.

ಆ ಸಂಜೆ ಅವರು ಬಂದಾಗ ನಾನು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಚಪ್ಪಲಿಯನ್ನೂ ಬಿಡದೆ ನೇರ ಕಾಂಪೌಂಡಿನ ಹತ್ತಿರ ಬಂದರು. ನಾನು "ಏನಾಯ್ತಕ್ಕಾ?" ಎಂದು ನಗುತ್ತಲೇ ಎದ್ದೆ.

"ನೀನು ಓದಿರೋಳು ಕಣೇ," ಎಂದರು. ದನಿ ಏರಿರಲಿಲ್ಲ. "ನಾನು ವರ್ಷಗಟ್ಲೆ ಒಂದು ಸುಳ್ಳು ಸೈನ್ ಹಾಕ್ದೆ. ನೀನು ಅದನ್ನ ಎರಡು ಪುಟ ಮಾಡ್ದೆ."

ನಾನು ಏನೋ ಹೇಳಲು ಹೋದೆ. ನಿಮ್ಮ ಒಳ್ಳೆಯದಕ್ಕೇ ಅಂದೆನೋ ಏನೋ...

"ಪೋನೀಲೇ," ಎಂದರು. ಬೇಸರ ಮಿತಿ ಮೀರಿದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಹೋಗಲಿ ಬಿಡು ಎನ್ನುವ ಆ ಮಾತಿಗಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ತಿರುಗಿ ಎರಡು ಹೆಜ್ಜೆ ಹೋದವರು ನಿಂತರು. ನನ್ನ ಕಡೆ ನೋಡದೆ, ತಮಗೇ ಎಂಬಂತೆ ಹೇಳಿಕೊಂಡರು. "ಮತ್ತೆ ಬಸ್ಸಿಗೋಸ್ಕರ. ಥೂ, ಮತ್ತೆ ಬಸ್ಸಿಗೋಸ್ಕರ."

ಒಂದು ವರ್ಷ ಅವರು ನನ್ನ ಜೊತೆ ಮಾತಾಡಲಿಲ್ಲ. ಅಮ್ಮನನ್ನು ಇಂಜೆಕ್ಷನ್‌ಗೆ ಕರೆದುಕೊಂಡು ಹೋಗುವುದನ್ನು ಒಂದು ವಾರವೂ ತಪ್ಪಿಸಲಿಲ್ಲ. ಬಾಗಿಲಲ್ಲಿ ನಾನು ನಿಂತಿದ್ದರೆ ನನ್ನ ಭುಜದ ಮೇಲಿಂದ ಒಳಗೆ ನೋಡಿ "ಅಕ್ಕಾ, ಬರ್ತೀರಾ?" ಎನ್ನುತ್ತಿದ್ದರು. ಆ ಹೊತ್ತಿಗೆ ನಾನು ಒಂದು ಕಾಗದವಾಗಲಿ, ಒಂದು ಕ್ಷಮೆಯಾಗಲಿ ಬರೆಯಬಹುದಿತ್ತು. ಬರೆಯಲು ಭಯವಾಗುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಅವರೇ ಬಂದರು. ಕೈಯಲ್ಲಿ ಗೆರೆ ಹಾಕಿದ ಹಾಳೆ. ಅರ್ಜಿಯನ್ನು ತಾವೇ ಬರೆದಿದ್ದರು. ಬರೆದದ್ದು ಹನ್ನೊಂದು ಸಾಲು, ಚಾರ್ಟು ಬರೆಯುವ ಆ ದುಂಡು ಅಕ್ಷರದಲ್ಲಿ.

"ಓದು. ಗಟ್ಟಿಯಾಗಿ ಓದು," ಎಂದರು.

ಓದಿದೆ. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದಲಾ ಎಂದು ಕೇಳಿದೆ. "ಬ್ಯಾಡ. ಇನ್ನೊಂದ್ಸಲ ಓದು." ಮತ್ತೆ ಓದಿದೆ. 'ನನ್ನಿಂದ ಒಂದು ಜೀವ ಹೋಯಿತು' ಎಂಬ ಸಾಲನ್ನೂ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಮುಚ್ಚಿ, ನಾಡಿ ಹಿಡಿದು ಬಡಿತ ಎಣಿಸುವವರಂತೆ ಕೇಳುತ್ತಿದ್ದರು. ಮುಗಿದ ಮೇಲೆ ಹಾಳೆ ಇಸಿದುಕೊಂಡು, ತಾವೊಮ್ಮೆ ಬೆರಳಿಟ್ಟು ಓದಿ, ಆಮೇಲೆ ಸಹಿ ಮಾಡಿದರು. "ಕಾಫಿ ಇದ್ಯಾ?" ಎಂದರು. ವರ್ಷದ ಮೇಲೆ ನನಗೆ ಹೇಳಿದ ಮೊದಲ ಬೇರೆ ಮಾತು ಅದು.

ಆ ಅರ್ಜಿಗೆ ಹೆಸರು ವಾಪಸು ಬಂತು. ಆರು ತಿಂಗಳು ಮತ್ತೆ ತರಬೇತಿಯಲ್ಲಿರಬೇಕು ಎಂಬ ಷರತ್ತಿನ ಮೇಲೆ. ನಲವತ್ತು ದಾಟಿದವರು ಕೋಲಾರದಲ್ಲಿ ಇಪ್ಪತ್ತರ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು, ಬೆಡ್‌ಶೀಟ್ ಮಡಿಸುವುದರಿಂದ ಶುರು ಮಾಡಿದರು. "ಆಂಟಿ ಅಂತಾರೆ ಕಣೇ ನನ್ನ. ಒಬ್ಳು ನಂಗೇ ಬಿ.ಪಿ. ನೋಡೋದು ಕಲಿಸ್ಕೊಟ್ಲು. ಕಲ್ತುಕೊಂಡೆ," ಎಂದು ಒಮ್ಮೆ ಬಂದಾಗ ನಗುತ್ತಾ ಹೇಳಿದರು. ಮನೆ ಖಾಲಿ ಮಾಡಿ ಕೋಲಾರಕ್ಕೇ ಹೋದರು. ಹೋಗುವ ದಿನ ನಂಬರು ಬರೆದುಕೊಟ್ಟರು. ಅದು ಮೂರು ಫೋನು ಬದಲಾದರೂ ನನ್ನ ಹತ್ತಿರ ಇದೆ. ಒಂದು ಸಲವೂ ಮಾಡಲಿಲ್ಲ. ಮಾಡಿದರೆ, ಓದಿ ಹೇಳಲಾ ಎಂದು ಅವತ್ತು ನಾನು ನಿಜವಾಗಿ ಕೇಳಿದ್ದೆನಾ ಎಂಬ ಆ ಒಂದು ಪ್ರಶ್ನೆ ಕೇಳಬೇಕಾಗುತ್ತಿತ್ತು.

ಈಗ ಅಮ್ಮ ನಿದ್ದೆಯಿಂದ ಎದ್ದು ಕೂತಿದ್ದಾರೆ. ಆಸ್ಪತ್ರೆಯವರು ಅವರ ಕಾಲಿನ ಹುಣ್ಣಿಗೆ ಹೊಸ ಪಟ್ಟಿ ಕಟ್ಟಿ ಹೋಗಿದ್ದಾರೆ. ಹುಡುಗಿ ಹೇಳಿದ್ದು ಅಮ್ಮನ ತಲೆಯಲ್ಲೇ ಸುತ್ತುತ್ತಿದೆ.

"ಎಂಥಾ ಹೆಂಗಸು," ಎಂದರು. ಆಮೇಲೆ ನನ್ನ ಮುಖ ನೋಡಿ, ಏನೋ ಅರ್ಥವಾದವರಂತೆ, "ನೀನು ಅದನ್ನೇ ಇಟ್ಕೊಂಡು ಕೊರಗಬ್ಯಾಡ. ಅವತ್ತು ನೀನು ಓದಿ ಹೇಳ್ತೀನಿ ಅಂದೆ. ಅವಳೇ ಬ್ಯಾಡ ಅಂದ್ಲು. ನಾನೇ ಕಿವಿಯಾರೆ ಕೇಳಿಸ್ಕೊಂಡಿದ್ದೀನಿ," ಎಂದರು.

ಅವತ್ತು ಅಮ್ಮ ಬಸ್ ನಿಲ್ದಾಣದಲ್ಲಿ ಇರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಲೆಯ ಮುಂದೆ ಇದ್ದರು. ಈ ಮಾತನ್ನು ಅಮ್ಮನಿಗೆ ಕೊಟ್ಟವಳು ನಾನೇ. ಯಾವಾಗಲೋ, ಅಳುತ್ತಲೋ ಸಮರ್ಥಿಸಿಕೊಳ್ಳುತ್ತಲೋ ಹೇಳಿರಬೇಕು. ಅಮ್ಮ ಅದನ್ನು ಇಷ್ಟು ವರ್ಷ ಜೋಪಾನ ಮಾಡಿ, ತಾವೇ ಕೇಳಿದ್ದಾಗಿ ಮಾಡಿ, ಇವತ್ತು ನನಗೆ ವಾಪಸು ಕೊಡುತ್ತಿದ್ದಾರೆ.

ಚೀಲದಿಂದ ಡೈರಿ ತೆಗೆದೆ. ಇವತ್ತಿನ ಪುಟದಲ್ಲಿ ಮೊದಲು ಅವರು ಇಲ್ಲವೆಂದು ಬರೆದೆ. ಅಷ್ಟು ಬರೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ, ಓದಿ ಹೇಳಲಾ ಎಂದು ಕೇಳಿದ್ದೆ, ಅಮ್ಮನೂ ಕೇಳಿಸಿಕೊಂಡಿದ್ದಾರೆ ಎಂದು ಬರೆಯಲು ಪೆನ್ನು ಊರಿದೆ. ವಾರ್ಡಿನ ಆ ಕೊನೆಯಲ್ಲಿ ಹುಡುಗಿ ಇನ್ನೊಂದು ಮಂಚದ ಮೇಲೆ ಬಗ್ಗಿದ್ದಳು. ಮೊದಲು ಸೂಜಿ, ಆಮೇಲೆ ಗಡಿಯಾರ, ಆಮೇಲೆ ಗಿಡ್ಡ ಹುರಿಯ ತುದಿಯ ಪೆನ್ನು.

ನಾನು ಕೇಳಿದ್ದೆನೋ ಇಲ್ಲವೋ ಹೇಳಬಲ್ಲವರು ಒಬ್ಬರೇ ಇದ್ದರು. ಹೋದ ದೀಪಾವಳಿಯವರೆಗೆ ಇದ್ದರು, ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದೂರದಲ್ಲಿ. ಊರಿದ ಪೆನ್ನು ಪುಟದ ಮೇಲೆ ಒಂದು ಚುಕ್ಕೆ ಮಾಡಿತ್ತು. ಅದರ ಮುಂದೆ 'ಗೊತ್ತಿಲ್ಲ' ಎಂದು ಬರೆದೆ. ಇನ್ನೊಂದು ಸಲ ಓದಿದೆ. ಕೆಳಗೆ ಸಹಿ ಮಾಡಿದೆ.